ಬಾರ್ ಏಳುತ್ತಿಲ್ಲವೇ? ಓವರ್‌ಟ್ರೈನಿಂಗ್ ಅನ್ನುವ ಮೊದಲು ನೋಡಬೇಕಾದ್ದು

"ಅಣ್ಣಾ, ನಂಗೆ ಓವರ್‌ಟ್ರೈನಿಂಗ್ ಆಗೋಗಿದೆ ಅನ್ಸುತ್ತೆ." ವಾರಕ್ಕೊಬ್ಬರಾದರೂ ಬಂದು ಹೀಗೆ, ಅಂದರೆ ವ್ಯಾಯಾಮ ಅತಿಯಾಗಿ ಬಲ ಕುಂದಿದೆ ಎಂದು, ಹೇಳುತ್ತಾರೆ. ಕೋಲಾರದಲ್ಲಿ ಹನ್ನೊಂದು ವರ್ಷದಿಂದ ಜಿಮ್‌ನಲ್ಲಿ ಕಲಿಸುತ್ತಿದ್ದೇನೆ. ಹಾಗೆ ಹೇಳಿದವರಲ್ಲಿ ಆ ಮಾತಿಗೆ ನಿಜವಾಗಿ ಹತ್ತಿರ ಬಂದವನು ಒಬ್ಬನೇ. ಉಳಿದವರ ಬಲ ಕುಂದಿದ್ದು ಸುಳ್ಳಲ್ಲ, ಸುಸ್ತೂ ಸುಳ್ಳಲ್ಲ. ಕಾರಣ ಮಾತ್ರ ಬೇರೆ ಕಡೆ ಇತ್ತು. ಇನ್ನು ಕೆಲವರಿದ್ದಾರೆ. "ಓವರ್‌ಟ್ರೈನಿಂಗ್ ಅನ್ನೋದೇ ಇಲ್ಲ, ಸೋಮಾರಿಗಳ ನೆಪ" ಎಂದು ಮೊಬೈಲ್‌ನಲ್ಲಿ ಯಾರೋ ಹೇಳಿದ್ದನ್ನು ನಂಬಿ, ಮೈ ಸುಡುವಾಗಲೂ ಬಾರ್ (ಪ್ಲೇಟ್ ಹಾಕಿ ಎತ್ತುವ ಕಬ್ಬಿಣದ ಸರಳು) ಕೆಳಗೆ ಹೋಗಿ ನಿಲ್ಲುತ್ತಾರೆ. ಎರಡು ಕಡೆಯವರೂ ನೋಡದೇ ತೀರ್ಮಾನಕ್ಕೆ ಬಂದವರು.

ನೀರು ಬರುತ್ತಿಲ್ಲ ಅಂದ ಕೂಡಲೇ ನಮ್ಮ ಕಡೆ ಬೋರ್‌ವೆಲ್ ಮೆಕ್ಯಾನಿಕ್ ಪೈಪು ಎಳೆಸುವುದಿಲ್ಲ. ಮೂರು ಫೇಸೂ ಬರ್ತಿದೆಯಾ, ಸ್ಟಾರ್ಟರ್ ಸರಿ ಇದೆಯಾ, ಕೇಬಲ್ ಎಲ್ಲಾದರೂ ಸುಟ್ಟಿದೆಯಾ ಎಂದು ಮೇಲಿಂದ ನೋಡಿಕೊಂಡು ಬರುತ್ತಾನೆ. ಸಾವಿರ ಅಡಿಯಿಂದ ಮೋಟಾರು ಮೇಲೆತ್ತುವುದು ಕೊನೆಯ ಕೆಲಸ. ಈ ಬರಹದ ಕ್ರಮವೂ ಅದೇ. ಓವರ್‌ಟ್ರೈನಿಂಗ್ ಅನ್ನುವುದು ಸಾವಿರ ಅಡಿಯ ಕೆಳಗಿನ ಮೋಟಾರು.

ಮೊದಲಿಗೆ, ಇದು ದೋಷವೇ ಹೌದಾ?

ಒಂದು ದಿನ ತೂಕ ಏಳಲಿಲ್ಲ ಅಂದರೆ ಅದು ದೋಷವಲ್ಲ. ಹಿಂದಿನ ರಾತ್ರಿ ಮದುವೆ ಮನೆಯಲ್ಲಿದ್ದಿರಿ, ಮಧ್ಯಾಹ್ನದ ಊಟ ತಪ್ಪಿತ್ತು, ಬಸ್ಸಲ್ಲಿ ನಿಂತೇ ಬಂದಿರಿ, ಇಂಥ ದಿನ ಎಲ್ಲರಿಗೂ ಬರುತ್ತದೆ. ನಾನು ದೋಷ ಅನ್ನುವುದು ಇದನ್ನು: ಐದು ರೆಪ್ (ಬಿಡುವಿಲ್ಲದೆ ಐದು ಸಲ ಎತ್ತುವುದು) ಬರುತ್ತಿದ್ದ ತೂಕಕ್ಕೆ ಮೂರೇ ಬರುತ್ತಿದೆ, ಎರಡು ವಾರ ಹಾಗೇ ಇದೆ, ಅದೂ ಒಂದಕ್ಕಿಂತ ಹೆಚ್ಚು ಲಿಫ್ಟ್‌ನಲ್ಲಿ (ಭಾರ ಎತ್ತುವ ಬಗೆಯಲ್ಲಿ).

ತೂಕ ಅಲ್ಲೇ ನಿಂತುಬಿಡುವುದು ಬೇರೆ, ಹಿಂದಕ್ಕೆ ಹೋಗುವುದು ಬೇರೆ. ಮೊದಲ ವರ್ಷ ವಾರವಾರಕ್ಕೂ ಪ್ಲೇಟ್ ಏರಿಸಿಕೊಂಡು ಬಂದವನಿಗೆ ಎರಡನೇ ವರ್ಷ ತಿಂಗಳಿಗೆ ಎರಡೂವರೆ ಕೆಜಿ ಏರಿದರೂ ಅದು ಒಳ್ಳೆಯ ಬೆಳವಣಿಗೆ. ಅವನು ಹಿಂದೆ ಹೋಗುತ್ತಿಲ್ಲ, ನಿಧಾನವಾಗಿದ್ದಾನೆ ಅಷ್ಟೆ.

ಇದನ್ನು ಹೇಳಬೇಕಾದರೆ ಪುಸ್ತಕ ಬೇಕು. ಹತ್ತು ರೂಪಾಯಿಯ ನೋಟ್‌ಬುಕ್ ಸಾಕು. ಎತ್ತಿದ ತೂಕ, ಬಂದ ರೆಪ್, ರಾತ್ರಿ ಮಲಗಿದ್ದು ಎಷ್ಟು ಗಂಟೆ, ಬೆಳಗ್ಗೆ ಎದ್ದ ಕೂಡಲೇ ಹಾಸಿಗೆಯಲ್ಲೇ ಎಣಿಸಿದ ನಾಡಿ, ವಾರಕ್ಕೆರಡು ಸಲ ಮೈತೂಕ, ಜಿಮ್ ಬಿಟ್ಟು ಅವತ್ತು ಮೈಗೆ ಬಿದ್ದ ಬೇರೆ ಕೆಲಸ. ಪುಸ್ತಕ ಇಲ್ಲದೆ ಬಂದವರಿಗೆ ನಾನು ಏನೂ ಹೇಳುವುದಿಲ್ಲ. ಎರಡು ವಾರ ಬರೆದುಕೊಂಡು ಬಾ ಅನ್ನುತ್ತೇನೆ. ಬರೆಯಲು ಕೂತ ಅರ್ಧದಷ್ಟು ಜನಕ್ಕೆ ಕಾರಣ ಅವರ ಕೈಬರಹದಲ್ಲೇ ಕಾಣಿಸುತ್ತದೆ.

ಈ ಲಕ್ಷಣ ಕಂಡರೆ ಮುಂದೆ ಓದಬೇಡಿ, ಆಸ್ಪತ್ರೆಗೆ ಹೋಗಿ

ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದೆ, ತೊಡೆಯೋ ತೋಳೋ ಊದಿಕೊಂಡು ಮಡಚಲಾಗದಷ್ಟು ನೋವಿದೆ ಅಂದರೆ ಅದು ಸ್ನಾಯು ಒಡೆದು ಅದರೊಳಗಿನ ವಸ್ತು ರಕ್ತಕ್ಕೆ ಸೇರುತ್ತಿರುವ ಲಕ್ಷಣ. ರ‍್ಯಾಬ್ಡೋಮಯೊಲಿಸಿಸ್ ಅನ್ನುತ್ತಾರೆ. ಕಿಡ್ನಿಗೆ ಪೆಟ್ಟು ಬೀಳುತ್ತದೆ. ಇದು ವರ್ಷಗಟ್ಟಲೆ ಎತ್ತಿದವರಿಗಿಂತ ಆರು ತಿಂಗಳು ಬಿಟ್ಟು ವಾಪಸ್ ಬಂದು ಮೊದಲ ದಿನವೇ ನೂರಿನ್ನೂರು ಸ್ಕ್ವಾಟ್ (ಬಸ್ಕಿಯಂತೆ ಕೂತು ಏಳುವುದು) ಹೊಡೆದವರಲ್ಲಿ ಹೆಚ್ಚು. "ನೀರು ಕುಡಿದರೆ ಸರಿ ಹೋಗುತ್ತೆ" ಎಂದು ಮನೆಯಲ್ಲಿ ಕೂರಬೇಡಿ. ಅದೇ ದಿನ ಹೋಗಿ.

ಎತ್ತುವಾಗ ಎದೆ ನೋವು, ಕಣ್ಣು ಕತ್ತಲೆ ಬಂದು ಬೀಳುವುದು, ಎದೆ ಬಡಿತ ತಾಳ ತಪ್ಪುವುದು, ಕೂತಲ್ಲೇ ಉಸಿರು ಕಟ್ಟುವುದು, ಇವುಗಳಿಗೂ ಜಿಮ್‌ನಲ್ಲಿ ಉತ್ತರವಿಲ್ಲ. ಜ್ವರವಿದ್ದರೆ ಬಾರ್ ಮುಟ್ಟಬೇಡಿ. ಕೆಲವು ವೈರಸ್‌ಗಳು ಹೃದಯದ ಸ್ನಾಯುವಿಗೂ ಉರಿಯೂತ ತರುತ್ತವೆ, ಆಗ ಭಾರ ಎತ್ತುವುದು ಜೀವಕ್ಕೇ ಅಪಾಯ. ಡೆಂಗ್ಯೂ, ಚಿಕುನ್‌ಗುನ್ಯಾ, ಟೈಫಾಯಿಡ್ ಬಂದು ಹೋದವರ ಬಲ ಒಂದೆರಡು ತಿಂಗಳು ಹಿಂದೆ ಬಿದ್ದಿದ್ದರೆ ಅದಕ್ಕೆ ಬೇರೆ ಹೆಸರು ಹುಡುಕಬೇಕಿಲ್ಲ. ಅದು ಕಾಯಿಲೆಯ ಬಾಕಿ.

ಓವರ್‌ಟ್ರೈನಿಂಗ್ ಅಂದರೆ ಏನು, ಏನಲ್ಲ

2013ರಲ್ಲಿ ಯುರೋಪಿನ ಮತ್ತು ಅಮೆರಿಕದ ಕ್ರೀಡಾ ವಿಜ್ಞಾನ, ಕ್ರೀಡಾ ವೈದ್ಯಕೀಯ ಸಂಸ್ಥೆಗಳು ಒಟ್ಟಾಗಿ ಒಂದು ಹೇಳಿಕೆ ಹೊರಡಿಸಿದವು. ಅದರಲ್ಲಿ ಮೂರು ಹಂತಗಳಿವೆ. ಕೆಲವು ದಿನ ಜಾಸ್ತಿ ದುಡಿದು ಬಲ ಸ್ವಲ್ಪ ಕುಂದಿ, ಕೆಲವು ದಿನ ಅಥವಾ ಒಂದೆರಡು ವಾರ ಸುಧಾರಿಸಿಕೊಂಡರೆ ಮೊದಲಿಗಿಂತ ಮೇಲೆ ಬರುವುದು ಮೊದಲ ಹಂತ. ಇದನ್ನು ಕೋಚ್‌ಗಳು ಬೇಕೆಂದೇ ಮಾಡಿಸುತ್ತಾರೆ. ವಿಶ್ರಾಂತಿ ಕೊಟ್ಟರೂ ವಾರಗಟ್ಟಲೆ, ಕೆಲವೊಮ್ಮೆ ತಿಂಗಳವರೆಗೆ ಬಲ ವಾಪಸ್ ಬರದಿದ್ದರೆ ಎರಡನೇ ಹಂತ. ತಿಂಗಳುಗಟ್ಟಲೆ ಬಾರದೆ, ಜೊತೆಗೆ ನಿದ್ದೆ, ಮನಸ್ಸು, ಹಸಿವು ಎಲ್ಲ ಹದಗೆಟ್ಟರೆ ಮೂರನೆಯದು. ಓವರ್‌ಟ್ರೈನಿಂಗ್ ಸಿಂಡ್ರೋಮ್ ಅಂತ ಕರೆಯುವುದು ಆ ಮೂರನೆಯದನ್ನು ಮಾತ್ರ.

ಈ ಮೂರಕ್ಕೂ ಇಂಥದ್ದೇ ಎಂದು ತೋರಿಸುವ ರಕ್ತ ಪರೀಕ್ಷೆ ಇಲ್ಲ. ಟೆಸ್ಟೋಸ್ಟಿರಾನ್, ಕಾರ್ಟಿಸಾಲ್ ಹಾರ್ಮೋನು ಪರೀಕ್ಷೆಯ ಪ್ಯಾಕೇಜು ಎಂದು ಸಾವಿರಾರು ರೂಪಾಯಿ ಸುರಿದು ಬಂದವರನ್ನು ನೋಡಿ ಹೊಟ್ಟೆ ಉರಿದಿದೆ. ಉಳಿದ ಕಾರಣಗಳನ್ನೆಲ್ಲ ಒಂದೊಂದಾಗಿ ತಳ್ಳಿಹಾಕಿದ ಮೇಲೆ ಉಳಿಯುವ ಹೆಸರು ಅದು. ನಾಲ್ಕು ದಿನ ಸುಸ್ತಾದವನಿಗೆ ಆ ಹೆಸರು ಸಲ್ಲುವುದಿಲ್ಲ.

ಚೆನ್ನಾಗಿ ದಾಖಲಾದ ಪ್ರಕರಣಗಳು ಹೆಚ್ಚಾಗಿ ದೂರದ ಓಟಗಾರರು, ಸೈಕಲ್ ಸವಾರರು, ಈಜುಗಾರರದ್ದು. 2020ರಲ್ಲಿ ಭಾರ ಎತ್ತುವವರ ಮೇಲಿನ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದವರಿಗೆ ಸಿಂಡ್ರೋಮ್ ಅನ್ನಬಹುದಾದಷ್ಟು ಗಟ್ಟಿ ಪುರಾವೆ ಸಿಕ್ಕಿದ್ದು ತೀರಾ ಕಡಿಮೆ. ಹಾಗಂತ ಬಾರ್ ಹಿಡಿದವನ ಬಲ ಕುಂದುವುದೇ ಇಲ್ಲ ಎಂದಲ್ಲ. 1994ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಪ್ರಯೋಗದಲ್ಲಿ ಎರಡು ವಾರ ಸ್ಕ್ವಾಟ್ ಯಂತ್ರದ ಮೇಲೆ, ಒಂದೇ ಸಲ ಎತ್ತಬಲ್ಲ ಗರಿಷ್ಠ ತೂಕವನ್ನೇ ದಿನಕ್ಕೆ ಹತ್ತು ಸಲ ಎತ್ತಿಸಿದರು. ಪಳಗಿದವರೇ ಆಗಿದ್ದರೂ ಹೆಚ್ಚಿನವರ ಬಲ ಇಳಿಯಿತು. ಅಂದರೆ ಬಲ ಬೀಳಿಸಬಹುದು, ಆದರೆ ಅದಕ್ಕೆ ಅಷ್ಟು ಹಠ ಬೇಕು. ವಾರಕ್ಕೆ ನಾಲ್ಕು ದಿನ ಒಂದೊಂದು ಗಂಟೆ ಬರುವ ಹುಡುಗ ಬರೀ ಜಿಮ್‌ನಿಂದಲೇ ಅಲ್ಲಿಗೆ ತಲುಪುವುದು ಕಷ್ಟ. ಅದಕ್ಕೇ ನಾನು ಜಿಮ್ ಹೊರಗೆ ಮೊದಲು ನೋಡುತ್ತೇನೆ.

ಕಬ್ಬಿಣ ಸರಿ ಇದೆಯಾ?

ಬಾರ್, ಪ್ಲೇಟಿನ ನಿಜವಾದ ತೂಕವನ್ನು ಯಾರೂ ನೋಡುವುದಿಲ್ಲ. ಪಕ್ಕದ ಜಿಮ್‌ನಿಂದ ಬಂದ ಒಬ್ಬ ಹುಡುಗ ನಮ್ಮಲ್ಲಿ ಬೆಂಚ್‌ನಲ್ಲಿ (ಮಲಗಿ ಬಾರನ್ನು ಎದೆ ಮೇಲಿಂದ ತಳ್ಳುವ ಲಿಫ್ಟ್) ಒಮ್ಮೆಲೇ ಮೊದಲಿನಷ್ಟು ಎತ್ತಲಾಗದೆ ಹೋದ. ಕೇಳಿದರೆ ಅಲ್ಲಿನ ಬಾರ್ ಗಿಡ್ಡ, ಹತ್ತು ಹನ್ನೆರಡು ಕೆಜಿ ಇರಬಹುದು. ನಮ್ಮದು ಇಪ್ಪತ್ತು. ಅವನು ಎರಡೂ ಕಡೆ ಪ್ಲೇಟ್ ಮಾತ್ರ ಲೆಕ್ಕ ಹಾಕುತ್ತಿದ್ದ. ಅವತ್ತೇ ನಮ್ಮ ಪ್ಲೇಟ್‌ಗಳನ್ನೂ ಪರಿಚಯದ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಮೇಲೆ ಇಟ್ಟು ನೋಡಿದೆ. 20 ಎಂದು ಅಚ್ಚು ಹಾಕಿದ ಒಂದು 21.2 ತೂಗಿತು, ಇನ್ನೊಂದು 19.1. ಈಗ ಪ್ರತಿ ಪ್ಲೇಟಿನ ಮೇಲೂ ಬಿಳಿ ಪೇಂಟಲ್ಲಿ ನಿಜವಾದ ತೂಕ ಬರೆದಿದ್ದೇನೆ. ಜೊತೆಯ ಪ್ಲೇಟ್ ಯಾವುದು ಎಂದೂ ಗುರುತು ಹಾಕಿದ್ದೇನೆ.

ಒಂದೇ ಲಿಫ್ಟಾ, ಎಲ್ಲವೂನಾ?

ಬೆಂಚ್ ಒಂದೇ ಬಿದ್ದಿದೆ, ಸ್ಕ್ವಾಟ್, ಡೆಡ್‌ಲಿಫ್ಟ್ (ನೆಲದಿಂದ ಬಾರ್ ಎತ್ತಿ ನೆಟ್ಟಗೆ ನಿಲ್ಲುವುದು) ಏರುತ್ತಿವೆ ಅಂದರೆ ಇಡೀ ಮೈಯ ದೋಷವಲ್ಲ. ಭುಜದಲ್ಲೋ ಮೊಣಕೈಯಲ್ಲೋ ನೋವಿದೆಯಾ, ಹಿಡಿತದ ಅಗಲ ಬದಲಾಗಿದೆಯಾ, ಬೆಂಚ್‌ನ ಹಿಂದಿನ ದಿನವೇ ಭುಜದ ವ್ಯಾಯಾಮ ಸೇರಿಸಿದ್ದಾರಾ ನೋಡಬೇಕು. ಮೊಬೈಲ್‌ನಲ್ಲಿ ಪಕ್ಕದಿಂದ ಒಂದು ವಿಡಿಯೋ ತೆಗೆದು ಮೂರು ತಿಂಗಳ ಹಿಂದಿನದರ ಪಕ್ಕ ಇಟ್ಟರೆ ಹೆಚ್ಚಿನ ಸಲ ಗೊತ್ತಾಗುತ್ತದೆ. ಎಲ್ಲ ಲಿಫ್ಟೂ ಒಟ್ಟಿಗೆ ಬಿದ್ದಿದ್ದರೆ ಮಾತ್ರ ಕೆಳಗಿನದಕ್ಕೆ ಬನ್ನಿ.

ನಿದ್ದೆ

ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶ ಬೆಳೆದ ಮೇಲೆ ನನ್ನ ಹುಡುಗರಲ್ಲಿ ಶಿಫ್ಟ್ ಕೆಲಸದವರೇ ಜಾಸ್ತಿ. ವಾರ ವಾರ ಶಿಫ್ಟ್ ತಿರುಗುತ್ತದೆ. ನೈಟ್ ಶಿಫ್ಟ್ ಮುಗಿಸಿ ಬೆಳಗ್ಗೆ ಕಂಪನಿ ಬಸ್ ಇಳಿದು ಸೀದಾ ಜಿಮ್‌ಗೆ ಬಂದು, ಆಮೇಲೆ ತಗಡಿನ ಮನೆಯ ಸೆಕೆಯಲ್ಲಿ ನಾಲ್ಕು ತಾಸು ಹೊರಳಾಡಿ ಎದ್ದವನಿಗೆ ಸ್ಕ್ವಾಟ್ ಬೀಳದೆ ಇನ್ನೇನು ಬೀಳಬೇಕು? ವಯಸ್ಕರಿಗೆ ಏಳು ತಾಸು ಅನ್ನುವುದು ಕನಿಷ್ಠ. ಅದಕ್ಕಿಂತ ಕಡಿಮೆಯಾದರೆ ಪುಸ್ತಕದಲ್ಲಿ ಮೂರನೇ ನಾಲ್ಕನೇ ದಿನಕ್ಕೇ ಅದರ ಗುರುತು ಕಾಣಿಸುತ್ತದೆ.

ಶಿಫ್ಟ್ ಬಿಡು ಎಂದು ಯಾರಿಗೂ ಹೇಳಲಾರೆ, ಅದು ಅನ್ನದ ಮಾತು. ನೈಟ್ ಇರುವ ವಾರ ಸೆಟ್ (ಒಂದು ಸರತಿಯ ರೆಪ್‌ಗಳು) ಅರ್ಧಕ್ಕೆ ಇಳಿಸಿ, ಗರಿಷ್ಠ ತೂಕದ ಪರೀಕ್ಷೆ ಬೇಡ, ಮೊದಲು ಮಲಗಿ ಸಂಜೆ ಬನ್ನಿ ಅನ್ನುತ್ತೇನೆ. ಕಿಟಕಿಗೆ ಕಪ್ಪು ಬಟ್ಟೆ, ಮೊಬೈಲ್ ಬೇರೆ ಕೋಣೆಯಲ್ಲಿ. ಇನ್ನೊಂದು: ಸಂಜೆ ಏಳೂವರೆಗೆ ಕುಡಿಯುವ ಪ್ರಿ-ವರ್ಕೌಟ್ ಪುಡಿ. ಒಂದು ಸ್ಕೂಪ್‌ನಲ್ಲಿ 200 ಮಿಲಿಗ್ರಾಂ ಕೆಫೀನ್ ಇದ್ದರೆ, ಐದು ತಾಸಿನ ನಂತರವೂ ಅದರಲ್ಲಿ ಅರ್ಧದಷ್ಟು ರಕ್ತದಲ್ಲಿರುತ್ತದೆ. ರಾತ್ರಿ ಹನ್ನೆರಡೂವರೆಗೆ ಒಂದು ದೊಡ್ಡ ಲೋಟ ಕಾಫಿ ಕುಡಿದು ದಿಂಬಿಗೆ ತಲೆ ಇಟ್ಟ ಹಾಗೆ. ಆ ಪುಡಿ ನಿಲ್ಲಿಸಿದ ಒಂದೇ ವಾರಕ್ಕೆ "ಓವರ್‌ಟ್ರೈನಿಂಗ್" ಹೋದವರು ನನ್ನ ಲೆಕ್ಕದಲ್ಲಿ ನಾಲ್ವರು.

ಲೆಕ್ಕಕ್ಕೆ ಸಿಗದ ದುಡಿಮೆ

ನಮ್ಮ ಊರಲ್ಲಿ ಅತಿ ಹೆಚ್ಚು ಸಲ ಸಿಕ್ಕ ಕಾರಣ ಇದು. ಪೇಟೆಯ ಪುಸ್ತಕಗಳಲ್ಲಿ ಇದರ ಬಗ್ಗೆ ಬರೆಯುವುದಿಲ್ಲ, ಅವರ ಓದುಗರು ದಿನವೆಲ್ಲ ಕುರ್ಚಿಯಲ್ಲಿ ಕೂರುವವರು.

ಒಂದು ಜುಲೈ ತಿಂಗಳಲ್ಲಿ ಇಪ್ಪತ್ತೆರಡು ವರ್ಷದ ಹುಡುಗನೊಬ್ಬ ಬಂದ. ಡೆಡ್‌ಲಿಫ್ಟ್ 120ಕ್ಕೆ ಐದು ಬರುತ್ತಿದ್ದದ್ದು ಎರಡಕ್ಕೆ ನಿಂತಿತ್ತು. ಊಟ ಚೆನ್ನಾಗಿದೆ, ನಿದ್ದೆ ಆರೂವರೆ ತಾಸು, ಜ್ವರ ಇಲ್ಲ. ಪುಸ್ತಕ ನೀಟಾಗಿ ಬರೆದಿದ್ದ, "ಬೇರೆ ಕೆಲಸ" ಎನ್ನುವ ಕಡೆ ಎಲ್ಲ ದಿನವೂ ಗೀಟು. ಕೈ ತೋರಿಸು ಅಂದೆ. ಬಾರ್ ಹಿಡಿದವರಿಗೆ ಬೆರಳ ಬುಡದಲ್ಲಿ ಕಾಯಿ ಕಟ್ಟುತ್ತದೆ. ಅವನಿಗೆ ಅದರ ಜೊತೆಗೆ ಬೆರಳ ನಡುಗೆಣ್ಣಿನ ಉದ್ದಕ್ಕೂ ನಾಲ್ಕು ಬೆರಳಿಗೂ ಒಂದೇ ಗೆರೆಯಲ್ಲಿ ಕೆಂಪು ಬರೆ ಇತ್ತು. ಪ್ಲಾಸ್ಟಿಕ್ ಕ್ರೇಟಿನ ಅಂಚು ಕೂರುವ ಜಾಗ.

"ಮಂಡಿಗೆ ಹೋಗ್ತೀಯಾ?"

"ಹೂಂ ಅಣ್ಣಾ, ಸೀಸನ್ ಅಲ್ವಾ. ಮಧ್ಯಾಹ್ನದಿಂದ ಲಾರಿಗೆ ಲೋಡ್ ಮಾಡ್ತೀವಿ."

"ಬರೀಲಿಲ್ವಲ್ಲೋ?"

"ಅದು ಕೆಲಸ ಅಣ್ಣಾ. ವರ್ಕೌಟ್ ಅಲ್ಲ."

ಕೋಲಾರದ ಟೊಮೆಟೊ ಮಾರುಕಟ್ಟೆ ಎಷ್ಟು ದೊಡ್ಡದು ಎಂದು ಇಲ್ಲಿನವರಿಗೆ ಹೇಳಬೇಕಿಲ್ಲ. ಒಂದು ಬಾಕ್ಸ್ ಹದಿನೈದು ಕೆಜಿ ಹಿಡಿಯಿರಿ. ದಿನಕ್ಕೆ ಮುನ್ನೂರು ಬಾಕ್ಸ್ ಎತ್ತುತ್ತೇನೆ ಅಂದ. ಕೂತು ಪೆನ್ಸಿಲ್ಲಲ್ಲಿ ಲೆಕ್ಕ ಹಾಕಿದೆವು: ನಾಲ್ಕೂವರೆ ಸಾವಿರ ಕೆಜಿ. ಅವನ ಡೆಡ್‌ಲಿಫ್ಟ್ ದಿನದ ಐದು ಸೆಟ್, ಐದು ರೆಪ್, ನೂರು ಕೆಜಿ ಸೇರಿದರೆ ಎರಡೂವರೆ ಸಾವಿರ. ಎರಡೂ ಒಂದೇ ತರದ ಭಾರವಲ್ಲ, ಹದಿನೈದು ಕೆಜಿಯನ್ನೂ ನೂರು ಕೆಜಿಯನ್ನೂ ಬೆನ್ನು ಒಂದೇ ರೀತಿ ತಾಳುವುದಿಲ್ಲ. ಆದರೆ ಬಗ್ಗಿ ಏಳುವುದು ಅದೇ ಸೊಂಟ, ವಾರಕ್ಕೆ ಆರು ದಿನ. ಅದನ್ನು ನೋಡಿ ಹುಡುಗ ಸುಮ್ಮನೆ ಕೂತ. ಅಪ್ಪ ತೀರಿಕೊಂಡ ಮೇಲೆ ಮನೆ ನಡೆಸುವವನು ಅವನೇ. ಆ ಕೆಲಸವನ್ನು ಅವನು ಎಂದೂ ದಣಿವಿನ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅವನಿಗೆ ವಿಶ್ರಾಂತಿ ಹೇಳಲಿಲ್ಲ. ಸೀಸನ್ ಮುಗಿಯುವವರೆಗೆ ಡೆಡ್‌ಲಿಫ್ಟ್ ಹತ್ತು ದಿನಕ್ಕೊಮ್ಮೆ, ಎರಡೇ ಸೆಟ್. ಬೆನ್ನಿನ ಬೇರೆಲ್ಲ ವ್ಯಾಯಾಮ ಬಂದ್. ಮೈಯ ಮೇಲ್ಭಾಗಕ್ಕೆ ಮಾತ್ರ ಮಾಮೂಲಿ ಕೆಲಸ. ಮೂರನೇ ವಾರಕ್ಕೆ 120 ನಾಲ್ಕು ಸಲ ಬಂತು. ಸೆಪ್ಟೆಂಬರ್ ಕೊನೆಗೆ, ಮಂಡಿಯಲ್ಲಿ ಆವಕ ಇಳಿದ ಮೇಲೆ, ಆರು.

ರೇಷ್ಮೆ ಸಾಕುವ ಮನೆಯವರಿಗೂ ಇದೇ ಮಾತು. ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುವವರೆಗಿನ ಆ ಒಂದು ವಾರ ತಿನ್ನುವ ಸೊಪ್ಪಿನ ಮುಂದೆ ಅದುವರೆಗೆ ತಿಂದದ್ದೆಲ್ಲ ಏನೂ ಅಲ್ಲ. ಹೊರೆ ಹೊತ್ತು, ಸರಿರಾತ್ರಿ ಎದ್ದು ಸೊಪ್ಪು ಹಾಕಿ ಬಂದ ಹೆಣ್ಣುಮಗಳಿಗೆ ಅದೇ ವಾರ "ಯಾಕಮ್ಮ ಇವತ್ತು ಡಲ್ಲು" ಎಂದು ಕೇಳುವ ಟ್ರೈನರ್ ಮೊದಲು ಅವಳ ಬೆಳೆ ಯಾವ ಹಂತದಲ್ಲಿದೆ ಎಂದು ಕೇಳಬೇಕು. ಭಾನುವಾರ ಅಂತರಗಂಗೆ ಬೆಟ್ಟ ಹತ್ತಿ ಇಳಿದು ಸೋಮವಾರ ಸ್ಕ್ವಾಟ್ ಬರಲಿಲ್ಲ ಅನ್ನುವವರೂ ಈ ಸಾಲಿನವರೇ.

ತಟ್ಟೆಯಲ್ಲಿ ಏನಿದೆ

ಎರಡು ಮುದ್ದೆ ಉಣ್ಣುತ್ತೇನೆ ಅಣ್ಣಾ ಅನ್ನುತ್ತಾರೆ. ಮುದ್ದೆ ಒಳ್ಳೆಯ ಊಟ, ನಾನೂ ಅದರಲ್ಲೇ ಬೆಳೆದವನು. ಆದರೆ ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಪ್ರೋಟೀನ್ ಏಳು ಗ್ರಾಂ ಆಸುಪಾಸು. ಸಾಮಾನ್ಯ ಮನುಷ್ಯನಿಗೆ ನಮ್ಮ ದೇಶದ ಪೌಷ್ಟಿಕಾಂಶ ಸಂಸ್ಥೆ ಹೇಳುವುದು ಮೈತೂಕದ ಕೆಜಿಗೆ 0.83 ಗ್ರಾಂ. ಭಾರ ಎತ್ತಿ ಸ್ನಾಯು ಬೆಳೆಸುವವರಿಗೆ ಸುಮಾರು 1.6 ಗ್ರಾಂವರೆಗೆ ಲಾಭವಿದೆ ಎಂದು ಅಧ್ಯಯನಗಳು ತೋರಿಸಿವೆ. ಎಪ್ಪತ್ತು ಕೆಜಿಯವನಿಗೆ 112 ಗ್ರಾಂ. ಎರಡು ಮುದ್ದೆ, ತಿಳಿಸಾರಲ್ಲಿ ಅದರ ಕಾಲು ಭಾಗವೂ ಆಗುವುದಿಲ್ಲ.

ಡಬ್ಬಿ ಪುಡಿಯೇ ಬೇಕೆಂದಿಲ್ಲ. ಹುರುಳಿಕಾಳು ನೂರು ಗ್ರಾಂಗೆ ಇಪ್ಪತ್ತೆರಡು ಗ್ರಾಂ. ಬಸ್ಸಾರಿನಲ್ಲಿ ಕಟ್ಟು ಬಸಿದುಕೊಂಡು ಕಾಳನ್ನು ಪಲ್ಯ ಮಾಡುತ್ತೇವಲ್ಲ, ಆ ಪಲ್ಯವನ್ನು ಚಮಚದಷ್ಟಲ್ಲ, ಒಂದು ಬಟ್ಟಲು ಹಾಕಿಸಿಕೊಳ್ಳಿ. ಮೊಟ್ಟೆ ಒಂದಕ್ಕೆ ಆರು ಗ್ರಾಂ. ಅರ್ಧ ಲೀಟರ್ ಹಾಲಿಗೆ ಹದಿನಾರು. ಒಂದು ಹಿಡಿ ಕಡಲೆಕಾಯಿ ಬೀಜಕ್ಕೆ ಏಳು. ಅವರೆಕಾಯಿ ಕಾಲದಲ್ಲಂತೂ ನಮ್ಮ ಜಿಲ್ಲೆಯಲ್ಲಿ ಪ್ರೋಟೀನ್ ಇಲ್ಲ ಎನ್ನುವುದಕ್ಕೆ ನೆಪವೇ ಇಲ್ಲ.

ಪ್ರೋಟೀನ್‌ಗಿಂತ ಮೊದಲು ಒಟ್ಟು ಊಟ ಸಾಕಾ ಎನ್ನುವುದು. ಮೈತೂಕ ತಿಂಗಳಲ್ಲಿ ಎರಡು ಮೂರು ಕೆಜಿ ಇಳಿದಿದೆ, ಬಲವೂ ಇಳಿದಿದೆ ಅಂದರೆ ಹುಡುಕಾಟ ಅಲ್ಲಿಗೆ ಮುಗಿಯಿತು. ಮದುವೆಗೆ ಮುಂಚೆ ಸಣ್ಣ ಆಗಬೇಕೆಂದು ಅನ್ನ ಬಿಟ್ಟವರು, ಸಂಜೆ ಏಳರ ಮೇಲೆ ಏನೂ ಮುಟ್ಟದವರು ಇದರಲ್ಲಿ ಸಿಕ್ಕಿಬೀಳುತ್ತಾರೆ. ದುಡಿಮೆಗೆ ತಕ್ಕ ಊಟವಿಲ್ಲದೆ ಹಾರ್ಮೋನು, ಮೂಳೆ, ರೋಗ ನಿರೋಧಕ ಶಕ್ತಿ ಎಲ್ಲ ಕುಸಿಯುವುದಕ್ಕೆ 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ರೆಡ್-ಎಸ್ ಎಂದು ಹೆಸರಿಟ್ಟಿತು. ಗಂಡಸರಿಗೂ ಬರುತ್ತದೆ. ಹೆಂಗಸರಲ್ಲಿ ಅದರ ಗುರುತು ಬೇಗ ಕಾಣುತ್ತದೆ: ಮುಟ್ಟು ತಪ್ಪುತ್ತದೆ. ಮೂರು ತಿಂಗಳು ಮುಟ್ಟಾಗದೆ ಇದ್ದರೆ ಅದು "ಫಿಟ್ ಆಗಿರೋದರ ಲಕ್ಷಣ" ಅಲ್ಲ. ಡಾಕ್ಟರನ್ನು ನೋಡಬೇಕು. ನನ್ನ ಹತ್ತಿರ ಹೇಳಲು ಸಂಕೋಚ ಆಗುವುದು ಸಹಜ, ಅದಕ್ಕೇ ಈ ವಿಷಯ ಕೇಳಲು ನನ್ನ ಹೆಂಡತಿಗೆ ಹೇಳಿದ್ದೇನೆ.

ರಕ್ತ ಮತ್ತು ನೀರು

ಇದು ನನ್ನದೇ ಕಥೆ. ನನಗೆ ಮೂವತ್ತಾಗಿದ್ದಾಗ ಮೂರು ತಿಂಗಳು ಎಲ್ಲ ಲಿಫ್ಟೂ ಬಿದ್ದವು. ಆಗ ನನಗೆ ಕಲಿಸುತ್ತಿದ್ದವರು ಕೈಕಾಲು ನೋಡದೆಯೇ "ಓವರ್‌ಟ್ರೈನಿಂಗ್, ಒಂದು ತಿಂಗಳು ಮನೇಲಿರು" ಅಂದರು. ಇದ್ದೆ. ವಾಪಸ್ ಬಂದಾಗ ಇನ್ನೂ ಕಡೆಯಾಗಿತ್ತು, ಪಾದದಲ್ಲಿ ಜೋಮು ಬೇರೆ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು, ಬಿ12 ತಳ ಹಿಡಿದಿತ್ತು. ನಾನು ಆಗ ಮೊಟ್ಟೆಯನ್ನೂ ಬಿಟ್ಟಿದ್ದೆ, ಹಾಲು ಕಾಫಿಗಷ್ಟೆ. ಚುಚ್ಚುಮದ್ದು ಕೊಟ್ಟರು, ಎರಡು ತಿಂಗಳಲ್ಲಿ ಮನುಷ್ಯನಾದೆ. ಆ ಜೋಮು ನಿಜವಾದ ಸುಳಿವು. ಅದನ್ನು ಒಂದು ತಿಂಗಳು ಕಡೆಗಣಿಸಿದ್ದು ನೆನಪಾದರೆ ಈಗಲೂ ಮನಸ್ಸಿಗೆ ಕಸಿವಿಸಿ.

ಹಾಗಾಗಿ ನಿದ್ದೆ, ದುಡಿಮೆ, ಊಟ ಮೂರೂ ಸರಿ ಇದ್ದು ಬಲ ಬರದಿದ್ದರೆ ಡಾಕ್ಟರ ಸಲಹೆ ಪಡೆದು ಇಷ್ಟು ಮಾಡಿಸಿ: ಹಿಮೋಗ್ಲೋಬಿನ್ ಇರುವ ಪೂರ್ಣ ರಕ್ತ ಎಣಿಕೆ, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶದ ಲೆಕ್ಕ), ಬಿ12, ವಿಟಮಿನ್ ಡಿ, ಥೈರಾಯ್ಡ್‌ನ ಟಿಎಸ್‌ಎಚ್, ಸಕ್ಕರೆ. ಹಿಮೋಗ್ಲೋಬಿನ್ ಗಂಡಸರಲ್ಲಿ 13ಕ್ಕಿಂತ, ಹೆಂಗಸರಲ್ಲಿ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿಕೆ ಇದ್ದರೆ ಸಕ್ಕರೆ ಪರೀಕ್ಷೆ ನಾಳೆಗೆ ಬೇಡ, ಇವತ್ತೇ.

ಒಂದು ಎಚ್ಚರ. ಭಾರಿ ವರ್ಕೌಟ್ ಮಾಡಿದ ಮರುದಿನ ರಕ್ತ ಕೊಟ್ಟರೆ ಲಿವರ್ ಪರೀಕ್ಷೆಯ ಎಸ್‌ಜಿಒಟಿ, ಎಸ್‌ಜಿಪಿಟಿ, ಜೊತೆಗೆ ಸ್ನಾಯುವಿನ ಸಿಕೆ ಏರಿರುತ್ತವೆ. ಅವು ಸ್ನಾಯುವಿನಿಂದಲೂ ಬರುತ್ತವೆ. ಲಿವರ್ ಹೋಯಿತು ಎಂದು ಗಾಬರಿಯಾದ ಎಷ್ಟೋ ಮನೆಗಳಿವೆ. ಒಂದು ವಾರ ಜಿಮ್ ಬಿಟ್ಟು ರಕ್ತ ಕೊಡಿ, ತೂಕ ಎತ್ತುತ್ತೇನೆ, ಕ್ರಿಯಾಟಿನ್ ತಗೊಳ್ತೇನೆ ಎಂದು ಡಾಕ್ಟರಿಗೆ ಮುಚ್ಚುಮರೆ ಇಲ್ಲದೆ ಹೇಳಿ. ಸ್ಟಿರಾಯ್ಡ್ ಸೂಜಿ ಹಾಕಿಸಿಕೊಳ್ಳುತ್ತಿದ್ದರೆ ಅದನ್ನೂ ಹೇಳಿ.

ಇನ್ನೊಂದು ನಮ್ಮ ನೆಲದ್ದೇ ತೊಂದರೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಆಳದ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5 ಕಡೆಯ ಮಿತಿ. ವರ್ಷಾನುಗಟ್ಟಲೆ ಹೆಚ್ಚು ಫ್ಲೋರೈಡ್ ಕುಡಿದವರಿಗೆ ಬೆನ್ನು, ಕುತ್ತಿಗೆ, ಮಂಡಿ ಗಡುಸಾಗುತ್ತವೆ. ಬಾಲ್ಯದಿಂದ ಅದೇ ನೀರು ಕುಡಿದವರ ಹಲ್ಲಿನಲ್ಲಿ ಕಂದು ಮಚ್ಚೆ ಕಾಣುತ್ತದೆ. ಹಳ್ಳಿಯಿಂದ ಬಂದ ಹುಡುಗ ಬೆಳಗ್ಗೆ ಸೊಂಟ ಬಗ್ಗಲ್ಲ, ಸ್ಕ್ವಾಟ್ ಆಳಕ್ಕೆ ಹೋಗಲ್ಲ ಅಂದರೆ ನಾನು ಅವನನ್ನು ನಗಿಸಿ ಹಲ್ಲು ನೋಡುತ್ತೇನೆ. ಹಲ್ಲಿನ ಮಚ್ಚೆಯಿಂದ ಮೂಳೆಯ ಕಾಯಿಲೆ ತೀರ್ಮಾನವಾಗುವುದಿಲ್ಲ. ಮನೆಯ ನೀರು ಪರೀಕ್ಷೆ ಮಾಡಿಸಲು, ಡಾಕ್ಟರಿಗೆ ಆ ಮಾತು ಹೇಳಲು ಅಷ್ಟು ಸಾಕು.

ಕಾರ್ಯಕ್ರಮವೇ ತಪ್ಪಾ?

ವಾರಕ್ಕೆ ಆರು ದಿನ, ದಿನಕ್ಕೆ ಮೂವತ್ತು ಸೆಟ್, ಪ್ರತಿ ಸೆಟ್ಟೂ ಕೈ ಬಿಡುವವರೆಗೆ. ಇದು ಮೊಬೈಲ್‌ನಿಂದ ಇಳಿದ ಪಟ್ಟಿ. ಅದನ್ನು ಮಾಡಿ ತೋರಿಸುವ ಎಷ್ಟೋ ಮಂದಿಗೆ ಸ್ನಾಯು ಬೆಳೆಸುವ ಔಷಧಿಯ ಆಸರೆ ಇರುತ್ತದೆ, ದಿನಕ್ಕೆ ಎಂಟು ತಾಸು ಮಷೀನ್ ಮುಂದೆ ನಿಲ್ಲುವ ಕೆಲಸ ಇರುವುದಿಲ್ಲ. ಸೆಟ್ಟಿಗೆ ಒಂದೆರಡು ರೆಪ್ ಉಳಿಸಿ ನಿಲ್ಲಿಸಿದರೂ ಬಲ ಬೆಳೆಯುತ್ತದೆ, ಮರುದಿನಕ್ಕೆ ಉಳಿಯುವ ದಣಿವು ಕಡಿಮೆ. ಇನ್ನೊಂದು ತಪ್ಪು, ಪ್ರತಿ ಶನಿವಾರ ಗರಿಷ್ಠ ತೂಕ ಪರೀಕ್ಷಿಸುವುದು. ಬಲ ಬೆಳೆಸುವ ದಿನಗಳನ್ನು ಬಲ ಅಳೆಯುವುದಕ್ಕೇ ಕಳೆದ ಹಾಗೆ. ಮೂರು ತಿಂಗಳಿಗೊಮ್ಮೆ ಸಾಕು.

ಒಂದು ವಾರದ ಪರೀಕ್ಷೆ

ಮೇಲಿನದರಲ್ಲಿ ಏನು ಸಿಕ್ಕಿತೋ ಅದೊಂದನ್ನೇ ಸರಿಪಡಿಸಿ. ನಿದ್ದೆ, ಊಟ, ಕಾರ್ಯಕ್ರಮ ಮೂರನ್ನೂ ಒಟ್ಟಿಗೆ ಬದಲಿಸಿದರೆ ಸರಿಹೋದರೂ ಯಾವುದರಿಂದ ಎಂದು ತಿಳಿಯದು, ಮುಂದಿನ ವರ್ಷ ಮತ್ತೆ ಅಲ್ಲೇ ಬೀಳುತ್ತೀರಿ. ಏನೂ ಸಿಗದಿದ್ದರೆ ಒಂದು ವಾರ ಡಿಲೋಡ್ ಮಾಡಿ: ಸೆಟ್ ಅರ್ಧ, ತೂಕದಲ್ಲಿ ಹತ್ತರಲ್ಲೊಂದು ಭಾಗ ಕಡಿಮೆ, ಯಾವ ಸೆಟ್ಟೂ ಕಷ್ಟ ಅನ್ನಿಸಬಾರದು. ಮನೆಯಲ್ಲೇ ಮಲಗಿರಬೇಡಿ, ಚಲನೆ ಮರೆಯುತ್ತದೆ.

ಎಂಟನೇ ದಿನ ಹಳೆಯ ತೂಕ ಹಾಕಿ. ಐದಕ್ಕೆ ಐದು ಬಂದರೆ, ಅಥವಾ ಆರು ಬಂದರೆ, ಅದು ಬರೀ ಕೂಡಿಟ್ಟ ದಣಿವು. ಅರ್ಧ ಮಾತ್ರ ಸುಧಾರಿಸಿದ್ದರೆ ಇನ್ನೊಂದು ವಾರ ಹಾಗೇ ಮುಂದುವರಿಸಿ. ಮೂರು ವಾರವಾದರೂ ಏನೂ ಕದಲದಿದ್ದರೆ ರಕ್ತ ಪರೀಕ್ಷೆ ಮಾಡಿಸದೆ ಮುಂದೆ ಹೋಗಬೇಡಿ. ಈ ಅವಧಿಯಲ್ಲಿ ಬೆಳಗಿನ ನಾಡಿ ನೋಡುತ್ತಿರಿ. ಮಾಮೂಲಿಗಿಂತ ಎಂಟು ಹತ್ತು ಬಡಿತ ಮೇಲೆ ಮೂರು ನಾಲ್ಕು ದಿನ ನಿಂತರೆ ಏನೋ ಇದೆ ಎಂದರ್ಥ: ನಿದ್ದೆ ಸಾಲದು, ನೀರು ಸಾಲದು, ಜ್ವರ ಬರುವುದರಲ್ಲಿದೆ. ಓವರ್‌ಟ್ರೈನಿಂಗ್ ಎಂಬುದಕ್ಕೆ ಅದು ಸಾಕ್ಷಿಯಲ್ಲ. ನಾಡಿ ಮಾಮೂಲಾಗಿದೆ ಎಂದ ಮಾತ್ರಕ್ಕೆ ಎಲ್ಲ ಸರಿ ಇದೆ ಎಂದೂ ಅಲ್ಲ.

ಎಲ್ಲ ನೋಡಿದ ಮೇಲೂ ಉಳಿದರೆ

ನಾನು ನೋಡಿದ ಆ ಒಬ್ಬ, ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಗೆ ತಯಾರಾಗುತ್ತಿದ್ದವನು. ಬೆಳಗ್ಗೆ ಐದಕ್ಕೆ ಕ್ರೀಡಾಂಗಣದಲ್ಲಿ 1600 ಮೀಟರ್ ಓಟ, ಒಂದು ಸಲವಲ್ಲ, ನಾಲ್ಕು ಸಲ. ಆಮೇಲೆ ಗುಂಡು ಎಸೆತ. ಸಂಜೆ ಎರಡು ತಾಸು ಜಿಮ್. ರಾತ್ರಿ ಲಿಖಿತ ಪರೀಕ್ಷೆಗೆ ಓದು. ವಯಸ್ಸಿನ ಮಿತಿ ಮೀರುವುದರೊಳಗೆ ಅದು ಕೊನೆಯ ಅವಕಾಶ, ಆ ಭಯ ಬೇರೆ. ಐದು ತಿಂಗಳು ಹೀಗೇ ಓಡಿದ. ಸ್ಕ್ವಾಟ್ 100ರಿಂದ 75ಕ್ಕೆ ಬಂತು, ಓಟದ ಸಮಯ ಅರ್ಧ ನಿಮಿಷ ಹಿಂದೆ ಬಿತ್ತು. ಸುಸ್ತಾದರೂ ನಿದ್ದೆ ಬರುತ್ತಿರಲಿಲ್ಲ, ತಿಂಡಿ ಕಂಡರೆ ವಾಕರಿಕೆ, ತಂಗಿ ಮೇಲೆ ಸುಮ್ಮನೆ ರೇಗುತ್ತಿದ್ದ. ರಕ್ತ ಪರೀಕ್ಷೆ ಎಲ್ಲ ಸರಿ. ಎರಡು ವಾರ ಪೂರ್ತಿ ನಿಲ್ಲಿಸಿದರೂ ಏನೂ ಬದಲಾಗಲಿಲ್ಲ. ಅದು ಎರಡನೇ ಹಂತವೋ ಮೂರನೆಯದೋ ಎಂದು ಖಡಾಖಂಡಿತವಾಗಿ ಹೇಳಲು ಡಾಕ್ಟರಿಗೂ ಆಗಲಿಲ್ಲ, ಯಾಕೆಂದರೆ ಎಷ್ಟು ದಿನಕ್ಕೆ ಸರಿಹೋಯಿತು ಎಂದು ನೋಡಿದ ಮೇಲೆಯೇ ಆ ಹೆಸರು ಇಡುವುದು. ಇಂಥ ಲಕ್ಷಣ ಖಿನ್ನತೆಯಲ್ಲೂ ಇರುತ್ತದೆ, ಹಾಗಾಗಿ ಮನೋವೈದ್ಯರನ್ನೂ ಕಾಣಲು ಡಾಕ್ಟರು ಹೇಳಿದರು. ಅವನು ಹೋದ.

ಇಲ್ಲಿ ಚಿಕಿತ್ಸೆ ಅಂದರೆ ಕಾಲಾವಧಿ. ಓಟ, ಜಿಮ್ ಎರಡೂ ಬಂದ್. ದಿನಾ ಅರ್ಧ ತಾಸು ನಡಿಗೆ, ಹೊಟ್ಟೆ ತುಂಬ ಊಟ. ಆರು ವಾರದ ಮೇಲೆ ನಿದ್ದೆ ಬಂತು. ನಾನು ಕಾಯುತ್ತಿದ್ದದ್ದು ಅದಕ್ಕೇ. ನಿದ್ದೆ, ಹಸಿವು ಎರಡೂ ಸತತ ಎರಡು ವಾರ ನೆಟ್ಟಗಿದ್ದರೆ ಮಾತ್ರ ಬಾರ್. ಅದೂ ಖಾಲಿ ಬಾರ್, ವಾರಕ್ಕೆರಡು ದಿನ, ಎರಡೇ ಸೆಟ್. ವಾರಕ್ಕೆ ಐದು ಕೆಜಿಗಿಂತ ಹೆಚ್ಚು ಏರಿಸುವಂತಿಲ್ಲ. ಏರಿಸಿದ ಮರುದಿನ ನಿದ್ದೆ ಕೆಟ್ಟರೆ ಹಿಂದಿನ ವಾರದ ತೂಕಕ್ಕೆ ವಾಪಸ್. ಮೂರು ಸಲ ಹಾಗೆ ವಾಪಸ್ ಹೋದ. ಆ ವರ್ಷದ ನೇಮಕಾತಿ ಕೈತಪ್ಪಿತು. 75 ಕೆಜಿ ಐದು ಸಲ ನೆಟ್ಟಗೆ ಎದ್ದು ನಿಂತಾಗ ನಿಲ್ಲಿಸಿದ ದಿನದಿಂದ ಐದೂವರೆ ತಿಂಗಳಾಗಿತ್ತು, ಅವನು ಆಗಲೇ ವೇಮಗಲ್‌ನಲ್ಲಿ ಕೆಲಸಕ್ಕೆ ಸೇರಿದ್ದ. ಅವತ್ತು ಇನ್ನೊಂದು ಸೆಟ್ ಮಾಡ್ತೀನಿ ಅಣ್ಣಾ ಅಂದ. ಬೇಡ ಅಂದೆ, ಪ್ಲೇಟ್ ತೆಗೆದು ಸ್ಟ್ಯಾಂಡಿಗೆ ಹಾಕಿದ.